ಡ್ರೇನ್ ಖಾಲಿಯಾಗಿದ್ದರೆ ಸಮಾಧಾನ ಪಡಬೇಡಿ

ಹುಟ್ಟಿನಿಂದಲೇ ಹೃದಯದೋಷವಿರುವ ಶಿಶುಗಳು ಶಸ್ತ್ರಚಿಕಿತ್ಸೆ ಮುಗಿಸಿ ಬರುವ ತೀವ್ರ ನಿಗಾ ಘಟಕದಲ್ಲಿ ನಾನು ನರ್ಸ್. ಹೊಸದಾಗಿ ಸೇರುವವರಿಗೆ ನಾನು ಎಲ್ಲಕ್ಕಿಂತ ಮೊದಲು ಹೇಳಿಕೊಡುವುದು ಎದೆಯ ಡ್ರೇನಿನ ಲೆಕ್ಕ, ಅಂದರೆ ಶಸ್ತ್ರಚಿಕಿತ್ಸೆಯ ನಂತರ ಎದೆಯೊಳಗೆ ಒಸರುವ ರಕ್ತವನ್ನು ಹೊರತರುವ ಕೊಳವೆಯಲ್ಲಿ ಗಂಟೆಗೆ ಎಷ್ಟು ಬಂತು ಎಂಬುದು.

ಶಿಶುವಿನ ಮೈಯಲ್ಲಿ ಪ್ರತಿ ಕಿಲೋ ತೂಕಕ್ಕೆ ಸುಮಾರು 80ರಿಂದ 85 ಮಿ.ಲೀ. ರಕ್ತವಿರುತ್ತದೆ. ಹೃದಯದಿಂದ ಹೊರಡುವ ಎರಡು ಮಹಾನಾಳಗಳು ಅದಲುಬದಲಾಗಿ ಹುಟ್ಟಿ, ಮೊದಲ ವಾರಗಳಲ್ಲೇ ಅವನ್ನು ಸರಿಜಾಗಕ್ಕೆ ಜೋಡಿಸುವ ಆರ್ಟೀರಿಯಲ್ ಸ್ವಿಚ್ ಶಸ್ತ್ರಚಿಕಿತ್ಸೆ ಆದ 3 ಕಿಲೋ ಮಗುವಿಗೆ ಇರುವುದೆಲ್ಲ ಒಂದು ಲೋಟದಷ್ಟು, ಅಂದರೆ 250 ಮಿ.ಲೀ. ಆಸುಪಾಸು. ದೊಡ್ಡವರಲ್ಲಿ ಯಾರೂ ಲೆಕ್ಕಿಸದ 15 ಮಿ.ಲೀ. ಇಲ್ಲಿ ಒಂದೇ ಗಂಟೆಯಲ್ಲಿ ಬಂದರೆ ಸರ್ಜನ್‌ಗೆ ತಿಳಿಸಲೇಬೇಕು.

ಹೆಚ್ಚು ಬಂದದ್ದು ಯಾರ ಕಣ್ಣಿಗಾದರೂ ಬೀಳುತ್ತದೆ. ಗಂಟೆಗೆ 8 ಮಿ.ಲೀ. ಬರುತ್ತಿದ್ದುದು ಇದ್ದಕ್ಕಿದ್ದಂತೆ ಸೊನ್ನೆಯಾದಾಗಲೇ ನನಗೆ ಹೆಚ್ಚು ಆತಂಕ. ಚಾರ್ಟಿನಲ್ಲಿ ಅದು ಒಳ್ಳೆಯ ಅಂಕಿಯಾಗಿ ಕಾಣುತ್ತದೆ; ಆದರೆ ರಕ್ತ ಹೆಪ್ಪುಗಟ್ಟಿ ಕೊಳವೆ ಕಟ್ಟಿಕೊಂಡಿದ್ದರೆ, ಹೊರಬರಬೇಕಾದ ರಕ್ತ ಹೃದಯದ ಸುತ್ತಲೇ ಸೇರಿ, ಹೃದಯ ತುಂಬಿಕೊಳ್ಳದಂತೆ ಅದುಮುತ್ತದೆ. ಇದೇ ಟ್ಯಾಂಪೊನೇಡ್. ಆಗ ನಾಡಿಬಡಿತ ಮತ್ತು ಸಿವಿಪಿ (ಹೃದಯಕ್ಕೆ ಮರಳುವ ದೊಡ್ಡ ಸಿರೆಗಳಲ್ಲಿನ ಒತ್ತಡ) ಏರುತ್ತವೆ, ಮೂತ್ರ ಗಂಟೆಗೆ ಕಿಲೋಗೆ 1 ಮಿ.ಲೀ.ಗಿಂತ ಕೆಳಗಿಳಿಯುತ್ತದೆ, ಅಂಗಾಂಶಗಳಿಗೆ ಆಮ್ಲಜನಕ ಸಾಲದಾದಾಗ ರಕ್ತದಲ್ಲಿ ಏರುವ ಲ್ಯಾಕ್ಟೇಟ್ ಹೆಚ್ಚುತ್ತದೆ. ಬಿಪಿ ಬೀಳುವ ಹೊತ್ತಿಗೆ ಬಹಳ ಸಲ ತಡವಾಗಿರುತ್ತದೆ. ಮಾನಿಟರಿನಲ್ಲಿ ಕಾಣದ ಒಂದು ಗುರುತೂ ಇದೆ: ಪಾದದಿಂದ ಮೇಲಕ್ಕೆ ಬೆರಳು ಸರಿಸಿದರೆ ತಣ್ಣಗಿನ ಚರ್ಮ ಬೆಚ್ಚಗಾಗುವ ಗೆರೆ ಸಿಗುತ್ತದೆ, ಆ ಗೆರೆ ಹಿಮ್ಮಡಿಯಿಂದ ಮೊಣಕಾಲಿನ ಕಡೆಗೆ ಏರುತ್ತಿದ್ದರೆ ನಾನು ಮುಂದಿನ ಗಂಟೆಯ ಅಂಕಿಗಾಗಿ ಕಾಯುವುದಿಲ್ಲ.

ಕಷ್ಟವೆಂದರೆ, ಶಸ್ತ್ರಚಿಕಿತ್ಸೆಯ ವೇಳೆ ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಹಾರ್ಟ್-ಲಂಗ್ ಯಂತ್ರದಿಂದ ಹೊರಬಂದ ನಂತರದ ಸುಮಾರು 6ರಿಂದ 18 ಗಂಟೆಗಳಲ್ಲಿ ಹೃದಯದ ಸ್ನಾಯುವೇ ಸೋತು ಹೆಚ್ಚುಕಡಿಮೆ ಇದೇ ಚಿತ್ರ ಕಾಣಬಹುದು. ಹೃದಯದ ಹಿಂದೆ ಅಡಗಿದ ಸಣ್ಣ ರಕ್ತದ ಹೆಪ್ಪು ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ತಪ್ಪಿಹೋಗುವುದೂ ಉಂಟು. ಹಾಗಾಗಿ ಅನುಮಾನ ಬಲವಾಗಿದ್ದರೆ ಸರ್ಜನ್ ಹಾಸಿಗೆಯ ಪಕ್ಕದಲ್ಲೇ ಎದೆ ತೆರೆದು ನೋಡುತ್ತಾರೆ, ಅದಕ್ಕೆ ಬೇಕಾದ ಸಲಕರಣೆಗಳ ಸೆಟ್ ಸದಾ ಕೈಗೆಟಕುವಂತಿರಬೇಕು.

ಪಾಳಿ ಬದಲಾಗುವಾಗ ‘ಡ್ರೇನ್ ಕಡಿಮೆಯಾಗಿದೆ’ ಎಂದಷ್ಟೇ ಹೇಳುವುದನ್ನು ನಾನು ಒಪ್ಪುವುದಿಲ್ಲ. ಯಾವ ಗಂಟೆಯಿಂದ ಕಡಿಮೆಯಾಯಿತು, ನಿಧಾನವಾಗಿಯೋ ಒಮ್ಮೆಲೇಯೋ, ಕೊಳವೆಯಲ್ಲಿ ರಕ್ತದ ಹೆಪ್ಪು ಕಾಣುತ್ತಿದೆಯೇ, ಆ ಹೊತ್ತಿನಲ್ಲಿ ಸಿವಿಪಿ ಎಷ್ಟಿತ್ತು, ಪಾದ ಹೇಗಿತ್ತು ಎಂಬುದೆಲ್ಲ ಒಟ್ಟಿಗೆ ಬರಬೇಕು.