ನೆಗಡಿ, ಟೆಸ್ಟ್ ಮತ್ತು ಎರಡು ಸಲ ಬಿದ್ದ ಉಪ್ಪು

ಎರಡು ದಿನದಿಂದ ಮೂಗು ಕಟ್ಟಿದೆ. ಜ್ವರ 100 ಡಿಗ್ರಿ. ಬೆಳಿಗ್ಗೆ ಹೇಗೋ ಎದ್ದು ಮೆಣಸಿನ ಸಾರಿಗೆ ಇಟ್ಟೆ. ಮಗಳಿಗೆ ಇವತ್ತು ವಿಜ್ಞಾನದ ಟೆಸ್ಟ್. ಅಡುಗೆಮನೆ ಬಾಗಿಲಲ್ಲೇ ನಿಂತು ಓದುತ್ತಿದ್ದಳು. ಅವಳನ್ನು ಪ್ರಶ್ನೆ ಕೇಳುತ್ತಾ ಒಗ್ಗರಣೆ ಸೀದುಹೋಗಿದ್ದು ನನಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದರೆ ತಾನೆ!

ಒಂದು ಚಮಚ ಬಾಯಿಗೆ ಹಾಕಿಕೊಂಡೆ. ಘಮ ಇಲ್ಲ, ಆದರೆ ಉಪ್ಪು ಮಾತ್ರ ನಾಲಿಗೆಗೆ ಚೆನ್ನಾಗಿ ಗೊತ್ತಾಯಿತು. ಎರಡು ಸಲ ಹಾಕಿದ್ದೆ.

"ಇನ್ನೂ ಸ್ವಲ್ಪ ಕುದಿಸಿದರೆ ಸರಿಹೋಗುತ್ತೆ ಬಿಡು" ಅಂದೆ.

"ಅಮ್ಮಾ, ನೀರು ಮಾತ್ರ ಆವಿ ಆಗುತ್ತೆ. ಉಪ್ಪು ಅಲ್ಲೇ ಉಳಿಯುತ್ತೆ ಅಲ್ವಾ? ಇನ್ನೂ ಜಾಸ್ತಿ ಉಪ್ಪಾಗುತ್ತೆ."

ಟೆಸ್ಟ್‌ಗೆ ಓದಿದ್ದಾಳೆ, ಪರವಾಗಿಲ್ಲ. ಸುಮ್ನೆ ಎರಡು ಲೋಟ ಬಿಸಿನೀರು ಸುರಿದೆ. ಈಗ ನಾಳೆಗೂ ಅದೇ ಸಾರು.