ರೈಲು ತೆವಳಬೇಕು: ಸ್ಪೀಡ್ ಕಂಟ್ರೋಲರ್ ಎಲ್ಲಿಗೆ ಬಂತು

ನನ್ನ ಮಾಡೆಲ್ ರೈಲಿಗಾಗಿ ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಸರ್ಕ್ಯೂಟ್ ಜೋಡಿಸಿ ನೋಡುವ ಹಲಗೆ) ಮೇಲೆ ಕಟ್ಟಿದ ಸ್ಪೀಡ್ ಕಂಟ್ರೋಲರ್ ಈಗ ಎಂಜಿನ್ ಓಡಿಸುತ್ತಿದೆ. ನನಗೆ ಬೇಕಾಗಿರುವುದು ಜಾಸ್ತಿ ಸ್ಪೀಡ್ ಅಲ್ಲ. ಸ್ಟೇಷನ್ ಬಿಡುವಾಗ ಎಂಜಿನ್ ಹಳಿಯ ಕೆಳಗಿನ ಅಡ್ಡಪಟ್ಟಿಗಳನ್ನು (ಸ್ಲೀಪರ್) ಒಂದೊಂದಾಗಿ ದಾಟಿಕೊಂಡು ನಿಧಾನಕ್ಕೆ ಹೊರಡಬೇಕು. ಮಾಡೆಲ್ ರೈಲಿನ ಚೆಂದ ಇರುವುದೇ ಅಲ್ಲಿ, ಅಲ್ವಾ?

ಮೊದಲು ಬಳಸುತ್ತಿದ್ದದ್ದು ರಿಯೋಸ್ಟಾಟ್, ಅಂದರೆ ಮೋಟಾರಿನ ದಾರಿಯಲ್ಲಿ ಕೂರುವ, ನಾಬ್ ತಿರುಗಿಸಿ ಹೆಚ್ಚು ಕಡಿಮೆ ಮಾಡುವ ರೆಸಿಸ್ಟರ್. ನಿಂತ ಮೋಟಾರ್ ತಿರುಗಲು ಶುರು ಮಾಡುವಾಗ ಹೆಚ್ಚು ಕರೆಂಟ್ ಎಳೆಯುತ್ತದೆ. ಸರಿಯಾಗಿ ಆಗಲೇ ರಿಯೋಸ್ಟಾಟ್ ಹೆಚ್ಚು ವೋಲ್ಟೇಜ್ ನುಂಗಿಬಿಡುತ್ತದೆ. ಎಂಜಿನ್ ಅಲ್ಲಾಡುವುದಿಲ್ಲ. ನಾಬ್ ಇನ್ನಷ್ಟು ತಿರುಗಿಸಿದರೆ ಚಂಗನೆ ನೆಗೆಯುತ್ತದೆ.

ಈಗ ಹಳಿಗೆ ಹೋಗುವುದು ಪೂರ್ತಿ 12 ವೋಲ್ಟ್, ಆದರೆ ತುಂಡು ತುಂಡಾಗಿ. ಪಲ್ಸ್ ಹುಟ್ಟಿಸಲು ಒಂದು 555 ಟೈಮರ್ ಚಿಪ್, ಒಂದು ಕೆಪಾಸಿಟರ್, ನಾಬ್ ಇರುವ 100 ಕಿಲೋಓಮ್ ಪಾಟ್ (ಬದಲಿಸಬಹುದಾದ ರೆಸಿಸ್ಟರ್), ಎರಡು 1ಎನ್4148 ಡಯೋಡ್, ಕೊನೆಗೆ ಮೋಟಾರಿನ ಕರೆಂಟನ್ನು ಆನ್ ಆಫ್ ಮಾಡುವ ಐಆರ್‌ಎಫ್‌ಝಡ್44ಎನ್ ಮಾಸ್‌ಫೆಟ್ ಟ್ರಾನ್ಸಿಸ್ಟರ್. ಕೆಪಾಸಿಟರ್ ಪಾಟಿನ ಒಂದು ಬದಿಯಿಂದ ತುಂಬಿ, ಇನ್ನೊಂದು ಬದಿಯಿಂದ ಖಾಲಿಯಾಗುತ್ತದೆ. ಹಾಗಾಗಿ ನಾಬ್ ಎಲ್ಲಿದ್ದರೂ ಫ್ರೀಕ್ವೆನ್ಸಿ (ಸೆಕೆಂಡಿಗೆ ಎಷ್ಟು ಪಲ್ಸ್) ಹೆಚ್ಚುಕಡಿಮೆ ಒಂದೇ. ಆನ್ ಇರುವ ಪಾಲು ಮಾತ್ರ ಬದಲಾಗುತ್ತದೆ.

ತುಂಬಾ ಹೊತ್ತು ಹಿಡಿದದ್ದು ಫ್ರೀಕ್ವೆನ್ಸಿ ಆರಿಸುವುದು. 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದರೆ ಸುಮಾರು 144 ಹರ್ಟ್ಜ್. ಮೋಟಾರ್ ಗುರ್ ಎನ್ನುತ್ತದೆ. ಆದರೆ ಪ್ರತಿ ಪಲ್ಸ್‌ನಲ್ಲೂ ಕಾಯಿಲ್‌ನ ಕರೆಂಟ್ ಮೇಲೇರಲು ಸಮಯ ಸಿಗುತ್ತದೆ. ಆ ಪುಟ್ಟ ಪುಟ್ಟ ತಳ್ಳುಗಳೇ ಗೇರಿನ ಬಿಗಿಯನ್ನು ಬಿಡಿಸಿ ಎಂಜಿನ್ನನ್ನು ತೆವಳಿಸುತ್ತವೆ. 1 ನ್ಯಾನೋಫ್ಯಾರಡ್‌ಗೆ ಇಳಿಸಿದರೆ 14 ಕಿಲೋಹರ್ಟ್ಜ್ ಹತ್ತಿರ. ಗುರುಗುಟ್ಟುವುದು ನಿಂತಿತು, ಜೊತೆಗೆ ಆ ತೆವಳುವ ಸೊಗಸೂ ಹೋಯಿತು. ನಾನು 144ರಲ್ಲೇ ನಿಂತೆ. ಕೋರ್‌ಲೆಸ್ ಮೋಟಾರ್ (ಕಾಯಿಲ್ ಒಳಗೆ ಕಬ್ಬಿಣದ ತಿರುಳಿಲ್ಲದ್ದು) ಇರುವ ಎಂಜಿನ್‌ಗೆ ಮಾತ್ರ ಇದು ಬೇಡ, ಕಡಿಮೆ ಫ್ರೀಕ್ವೆನ್ಸಿಯಲ್ಲಿ ಅವು ಬಿಸಿಯಾಗುತ್ತವೆ. ಅವಕ್ಕಾಗಿ ಕೆಪಾಸಿಟರ್ ಬದಲಿಸುವ ಒಂದು ಸ್ವಿಚ್ ಇಡುತ್ತೇನೆ.

ಹಿಂದೆ ಮುಂದೆ ಓಡಿಸಲು, ಹಳಿಗೆ ಹೋಗುವ ಎರಡೂ ತಂತಿಗಳನ್ನು ಒಟ್ಟಿಗೆ ಅದಲುಬದಲು ಮಾಡುವ ಡಿಪಿಡಿಟಿ ಸ್ವಿಚ್ ಸಾಕು. ಇದನ್ನು ಕಟ್ಟುವವರು ಒಂದು ಗಮನಿಸಿ: ಮೋಟಾರಿನ ಹಿಮ್ಮುಖ ವೋಲ್ಟೇಜ್ ತಡೆಯುವ ಡಯೋಡ್ ಸ್ವಿಚ್ಚಿಗೆ ಮೊದಲೇ, ಮಾಸ್‌ಫೆಟ್ ಬದಿಯಲ್ಲಿ ಇರಬೇಕು. ಹಳಿಯ ಬದಿಯಲ್ಲಿಟ್ಟರೆ ದಿಕ್ಕು ಬದಲಿಸಿದ ಕೂಡಲೇ ಅದೇ ಶಾರ್ಟ್ ಆಗುತ್ತದೆ.

ಮುಂದಿನ ಕೆಲಸ ಶಾರ್ಟ್‌ನಿಂದ ರಕ್ಷಣೆ. ಹಳಿ ತಪ್ಪಿದ ಲೋಹದ ಚಕ್ರ ಎರಡೂ ಹಳಿಗಳನ್ನು ಸೇರಿಸಿಬಿಟ್ಟರೆ ಮಾಸ್‌ಫೆಟ್‌ಗೆ ಕಷ್ಟ. ಮಾಸ್‌ಫೆಟ್‌ನ ಸೋರ್ಸ್ ಕಾಲಿನಲ್ಲಿ 0.47 ಓಮ್ ರೆಸಿಸ್ಟರ್ ಹಾಕುತ್ತೇನೆ. ಕರೆಂಟ್ 1.3 ಆಂಪಿಯರ್ ಆಸುಪಾಸು ಮುಟ್ಟಿದರೆ ಅದರ ಮೇಲೆ 0.6 ವೋಲ್ಟ್ ಬರುತ್ತದೆ. ಆಗ ಒಂದು ಬಿ.ಸಿ.547 ಟ್ರಾನ್ಸಿಸ್ಟರ್ ಆನ್ ಆಗಿ 555ರ ರೀಸೆಟ್ ಪಿನ್ನಿನ ವೋಲ್ಟೇಜನ್ನು ಕೆಳಗೆ ಎಳೆದು ಪಲ್ಸ್ ನಿಲ್ಲಿಸಬೇಕು. ಅದು ಸರಿಯಾಗಿ ನಡೆದ ಮೇಲೆಯೇ ಎಲ್ಲವನ್ನೂ ಪಿಸಿಬಿಗೆ (ಸರ್ಕ್ಯೂಟ್ ಬೋರ್ಡ್) ಬೆಸುಗೆ ಹಾಕುವುದು.