ಬಾಡಿದ ಹೈಡ್ರೇಂಜಿಯಕ್ಕೆ ನೀರು ಬಿಡುವ ಮುಂಚೆ

ಪುಣೆಯ ಬಾಣೇರ್, ಔಂಧ್ ಕಡೆಯ ವಸತಿ ಸೊಸೈಟಿಗಳ ತೋಟ ನೋಡಿಕೊಳ್ಳುವುದು ನನ್ನ ಕೆಲಸ. ಜೊತೆಗಿರುವ ಹುಡುಗರು ಬಹುತೇಕ ವಿಜಯಪುರ, ಕಲಬುರಗಿ ಕಡೆಯವರು. ಮಹಾಬಳೇಶ್ವರಕ್ಕೆ ಹೋಗಿಬಂದ ಜನ ಅಲ್ಲಿನ ಹೈಡ್ರೇಂಜಿಯ ಅನ್ನುವ ದೊಡ್ಡ ಗೊಂಚಲು ಹೂವಿನ ಗಿಡ ನೋಡಿ, ನಮಗೂ ಅದೇ ಬೇಕು ಅನ್ನುತ್ತಾರೆ. ಆದರೆ ಅದು ಸುಮಾರು 1,350 ಮೀಟರ್ ಎತ್ತರದ, ಮಳೆ ಮಂಜಿನ ಊರು. ಪುಣೆ ಇರುವುದು ಸುಮಾರು 560 ಮೀಟರ್‌ನಲ್ಲಿ. ಏಪ್ರಿಲ್ ಬಂತೆಂದರೆ ಇಲ್ಲಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಹಾಗಾಗಿ ನೆಟ್ಟ ಮೊದಲ ವಾರಗಳಲ್ಲಿ ಈ ಗಿಡದ ಮೇಲೆ ಕಣ್ಣಿರಲೇಬೇಕು.

ಮಧ್ಯಾಹ್ನ ಎಲೆಗಳೆಲ್ಲ ಜೋತು ಬೀಳುತ್ತವೆ. ನೋಡಿದವರಿಗೆ ಗಿಡ ಹೋಯಿತು ಅನ್ನಿಸುತ್ತದೆ. "ಅಣ್ಣಾ, ಗಿಡ ಬಾಡ್ಯಾವ್ರಿ, ಪೈಪ್ ಹಚ್ಚಲೇನ್ರಿ?" ಅಂತ ಹುಡುಗರು ಓಡಿ ಬರುತ್ತಾರೆ. ತಡಿಯಪ್ಪಾ, ಮೊದಲು ಬುಡದಲ್ಲಿ ಬೆರಳು ಇಳಿಸಿ ನೋಡು ಅನ್ನುತ್ತೇನೆ. ಈ ಗಿಡದ ಎಲೆ ದೊಡ್ಡದು, ತೆಳ್ಳಗಿನದು. ನೆಡುವಾಗ ಸಣ್ಣ ಬೇರುಗಳು ಹರಿದಿರುತ್ತವೆ. ಎಲೆಯಿಂದ ಆವಿಯಾಗಿ ಹೋಗುವಷ್ಟು ನೀರನ್ನು ಉಳಿದ ಬೇರು ಎಳೆದುಕೊಡಲಾರದು. ಮಣ್ಣು ಹಸಿಯಾಗಿದ್ದರೂ ಬಾಡುವುದು ಅದಕ್ಕೇ. ಸಂಜೆ ಬಿಸಿಲು ಇಳಿದ ಮೇಲೆ ಎಲೆ ಎದ್ದು ನಿಂತರೆ ಭಯವಿಲ್ಲ. ಬೆಳಗ್ಗೆಯೂ ಜೋತಿದ್ದರೆ ಮಾತ್ರ ಏನೋ ತೊಂದರೆ ಇದೆ ಅಂತ ಲೆಕ್ಕ.

ಬೆರಳು ಎಲ್ಲಿ ಇಳಿಸಬೇಕು ಅನ್ನುವುದೇ ಇಲ್ಲಿ ಮುಖ್ಯ. ನರ್ಸರಿಯಿಂದ ಬರುವ ಗಿಡದ ಬೇರು ಕೊಕೊಪೀಟ್, ಅಂದರೆ ತೆಂಗಿನ ನಾರಿನ ಪುಡಿಯ ಮುದ್ದೆಯೊಳಗಿರುತ್ತದೆ. ನಾವು ಅದನ್ನು ಕೂರಿಸುವುದು ಇಲ್ಲಿನ ಕಪ್ಪು ಎರೆಮಣ್ಣಿನಲ್ಲಿ. ಎರಡರ ಗುಣವೂ ಬೇರೆ. ಸುತ್ತಲ ಮಣ್ಣು ಕೆಸರಾಗಿರುವಾಗಲೂ ಒಳಗಿನ ಮುದ್ದೆ ಒಣಗಿರಬಹುದು. ಮುದ್ದೆ ಒಮ್ಮೆ ಪೂರ್ತಿ ಒಣಗಿದರೆ ಹಾಕಿದ ನೀರು ಒಳಗೆ ಇಳಿಯದೆ ಪಕ್ಕದಿಂದ ಜಾರಿ ಹೋಗಬಹುದು. ಅದಕ್ಕೇ ಕಾಂಡದ ಪಕ್ಕದಲ್ಲೇ, ಮುದ್ದೆಯೊಳಗೇ ಬೆರಳು ಇಳಿಸಬೇಕು. ಅಲ್ಲಿ ಒಣಗಿದ್ದರೆ ಪೈಪ್ ಹರಿಯಬಿಟ್ಟು ಹೋಗಬಾರದು. ಬುಡಕ್ಕೇ ಸ್ವಲ್ಪ ಸ್ವಲ್ಪವಾಗಿ, ಬಿಟ್ಟು ಬಿಟ್ಟು ಹಾಕಬೇಕು. ಹಸಿಯಿದ್ದರೆ ನೀರು ಬೇಡವೇ ಬೇಡ. ಎರೆಮಣ್ಣು ನೀರು ಬೇಗ ಬಿಡುವುದಿಲ್ಲ, ಗಾಳಿ ಸಿಗದೆ ಬೇರು ಕೊಳೆಯುತ್ತದೆ. ಕೊಳೆತ ಬೇರಿನ ಗಿಡವೂ ಬಾಡುತ್ತದೆ, ನೋಡಿದವರು ಮತ್ತೆ ನೀರು ಹಾಕುತ್ತಾರೆ. ಹೊಸ ಹೈಡ್ರೇಂಜಿಯ ಹೆಚ್ಚಾಗಿ ಸಾಯುವುದು ಈ ಅಕ್ಕರೆಯಿಂದಲೇ, ನೋಡಿದಾಗ ಹೊಟ್ಟೆ ಉರಿಯುತ್ತದೆ.

ಮುದ್ದೆ ಹಸಿಯಿದ್ದೂ ಗಿಡ ಬಾಡಿದಾಗ ಅದಕ್ಕೆ ಬೇಕಿರುವುದು ನೆರಳು. ಬೆಳಗಿನ ಎಳೆಬಿಸಿಲು ಸಾಕು, ಮಧ್ಯಾಹ್ನಕ್ಕೆ ಪಡುವಣ ದಿಕ್ಕಿಗೆ ಶೇಡ್‌ನೆಟ್ ಕಟ್ಟುತ್ತೇವೆ. ಬುಡಕ್ಕೆ ಕಬ್ಬಿನ ರವದಿ (ಒಣ ಎಲೆ) ಹೊದಿಸುತ್ತೇವೆ, ಕಾಂಡಕ್ಕೆ ತಾಗದಂತೆ. ಹೂಗೊಂಚಲು ಇದ್ದರೆ ಕತ್ತರಿಸಿಬಿಡುತ್ತೇವೆ. ಮನೆಯವರಿಗೆ ಬೇಜಾರಾಗುತ್ತದೆ, ಆದರೂ ಆಗ ಹೂವಿಗಿಂತ ಬೇರು ಮುಖ್ಯ ಅಲ್ವಾ. ರೆಂಬೆಗೆ ಮಾತ್ರ ಕತ್ತರಿ ಹಾಕಬಾರದು. ಈ ಜಾತಿ ಸಾಮಾನ್ಯವಾಗಿ ಹಳೆ ರೆಂಬೆಯಲ್ಲೇ ಮುಂದಿನ ಹೂಮೊಗ್ಗು ಕಟ್ಟುತ್ತದೆ. ಕಡ್ಡಿ ಒಣಗಿದೆಯೋ ಅಂತ ಅನುಮಾನ ಬಂದರೆ ಉಗುರಿನಿಂದ ಸಿಪ್ಪೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವ ಇದೆ. ಎಲೆ ಪೂರ್ತಿ ಉದುರಿದ ಗಿಡವೂ ಗೆಣ್ಣಿನಿಂದ ಚಿಗುರೊಡೆದದ್ದನ್ನು ನೋಡಿದ್ದೇನೆ.

ಯೂರಿಯಾ, ಡಿಎಪಿಯಂಥ ರಾಸಾಯನಿಕ ಗೊಬ್ಬರ ಈ ಹೊತ್ತಿನಲ್ಲಿ ಬೇಡ. ಏಟು ತಿಂದ ಬೇರನ್ನು ಗೊಬ್ಬರದ ಉಪ್ಪು ಇನ್ನಷ್ಟು ಸುಡುತ್ತದೆ. ಹೊಸ ಎಲೆ ಬಿಚ್ಚಿಕೊಂಡ ಮೇಲೆ ಒಂದಿಷ್ಟು ಎರೆಹುಳು ಗೊಬ್ಬರ ಕೊಟ್ಟರೆ ಸಾಕು.

ಇನ್ನು ನೀಲಿ ಬಣ್ಣದ ವಿಷಯ. ಹುಳಿ ಮಣ್ಣಿನಲ್ಲಿ ಬೇರಿಗೆ ಅಲ್ಯೂಮಿನಿಯಂ ಸಿಕ್ಕರೆ ಮಾತ್ರ ಹೂ ನೀಲಿಯಾಗುತ್ತದೆ. ಮಹಾಬಳೇಶ್ವರದ ಕೆಂಪು ಮಣ್ಣು ಹಾಗಿದೆ, ನಮ್ಮ ಎರೆಮಣ್ಣಿನಲ್ಲಿ ಸುಣ್ಣದಂಶ ಜಾಸ್ತಿ. ಹಾಗಾಗಿ ಇಲ್ಲಿ ಗುಲಾಬಿ ಬಣ್ಣಕ್ಕೇ ತಿರುಗುತ್ತದೆ. ನೆಟ್ಟ ಹೊಸತರಲ್ಲೇ ಬಣ್ಣ ತಿರುಗಿಸಲು ಅಲ್ಯೂಮಿನಿಯಂ ಇರುವ ಪಟಿಕದ ನೀರು ಸುರಿಯುವವರಿದ್ದಾರೆ, ಅದನ್ನು ನಾನು ಒಪ್ಪುವುದಿಲ್ಲ. ನೀಲಿಯೇ ಬೇಕು ಅನ್ನುವವರಿಗೆ ನೆಲ ಬಿಟ್ಟು ದೊಡ್ಡ ಕುಂಡದಲ್ಲಿ ಬೆಳೆಸಲು ಹೇಳುತ್ತೇನೆ. ಅಲ್ಲಿ ಮಣ್ಣು ನಮ್ಮ ಕೈಯಲ್ಲಿರುತ್ತದೆ, ಬಿಸಿಲು ಏರಿದಾಗ ಕುಂಡವನ್ನು ನೆರಳಿಗೂ ಸರಿಸಬಹುದು.